ಒಂದೇ ಸಲ ತಿರುಗಿದ ಡಿಸ್ಕ್

ಕೋವಿಡ್‌ನ ಮೊದಲ ಚಳಿಗಾಲದಲ್ಲಿ ನನ್ನ ಗಂಡ ತೀರಿಕೊಂಡರು. ಆಸ್ಪತ್ರೆಗೆ ಸೇರಿದವರು ಹನ್ನೊಂದನೆಯ ದಿನ ಇಲ್ಲವಾದರು. ಅಮೆರಿಕದ ಕ್ಯಾರಿ ಊರಿನ ನಮ್ಮ ಮನೆಯ ಗರಾಜಿನಲ್ಲಿ ಅವರ ಮೇಜು ಹೇಗಿತ್ತೋ ಹಾಗೇ ಉಳಿಯಿತು.

ಮೂವತ್ತು ವರ್ಷ ಹಳೆಯ ಕಂಪ್ಯೂಟರುಗಳನ್ನು ಮತ್ತೆ ಓಡಿಸುವುದು ಅವರ ಹವ್ಯಾಸ. ಅಂಥವುಗಳಲ್ಲಿ ಮೊದಲು ಕೆಡುವುದು ತಿರುಗುವ ಹಾರ್ಡ್ ಡಿಸ್ಕ್. ಅದನ್ನು ಬಿಚ್ಚಿ ತೆಗೆದು, ಆ ಜಾಗಕ್ಕೆ ಮೆಮೊರಿ ಕಾರ್ಡ್ ಕೂರುವ ಅಂಗೈಯಗಲದ ಬೋರ್ಡ್ ಹಾಕುತ್ತಿದ್ದರು. ಹಳೆಯ ಡಿಸ್ಕ್ ಸ್ವಲ್ಪವಾದರೂ ತಿರುಗಿದರೆ ಅದರಲ್ಲಿದ್ದುದನ್ನು ಕಾರ್ಡಿಗೆ ಇಳಿಸಿಕೊಡುತ್ತಿದ್ದರು. ಶನಿವಾರಗಳೆಲ್ಲ ಅದಕ್ಕೇ ಹೋಗುತ್ತಿದ್ದವು. ಆ ಬಗ್ಗೆ ನಾನು ಗೊಣಗಿದ್ದೂ ಉಂಟು.

ಮಾರ್ಚಿನಲ್ಲಿ ಅವರ ಫೋನಿಗೆ ಒಂದು ಕರೆ ಬಂತು. ಲಾರೆನ್ಸ್‌ವಿಲ್‌ನಲ್ಲಿರುವ ಮಂಗಳೂರು ಕಡೆಯ ಅಂಕಲ್. ರಿಟೈರಾದವರು, ಒಬ್ಬರೇ ಇರುವವರು. ಹಿಂದಿನ ವರ್ಷ ತಮ್ಮ ಹಳೆಯ ಕಂಪ್ಯೂಟರನ್ನು ಪಾರ್ಸೆಲ್ ಮಾಡಿ ಕಳಿಸಿದ್ದರು.

"ಅವರು ಇದ್ದಾರಾ? ನನ್ನ ಕಂಪ್ಯೂಟರ್ ಎಂತಾಯ್ತು ಅಂತ ಕೇಳಲಿಕ್ಕೆ ಫೋನ್ ಮಾಡಿದ್ದು."

ಹೇಳಿದೆ.

"ನನಗೆ ಗೊತ್ತೇ ಇರಲಿಲ್ಲ ಅಮ್ಮಾ. ಅದನ್ನು ಬಿಟ್ಟುಬಿಡಿ. ಬಿಸಾಡಿದರೂ ಆಯ್ತು."

"ಅದರಲ್ಲಿ ಏನಿತ್ತು ಅಂಕಲ್?"

"ಮಗಳು ಸಣ್ಣವಳಿದ್ದಾಗ ಹೇಳಿದ ಮಾತುಗಳು. ಆಫೀಸಿನಿಂದ ಬಂದು ದಿನಾ ಟೈಪ್ ಮಾಡಿ ಇಡ್ತಿದ್ದೆ. ಈಗ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ. ಅವಳ ಮದುವೆಗೆ ನಾನು ಹೋಗಲಿಲ್ಲ. ಹಟ ಮಾಡಿದೆ."

ಬಿಸಾಡಲು ನನ್ನಿಂದಾಗಲಿಲ್ಲ. ಮೇಜಿನ ಮೇಲಿದ್ದ ಗಂಡನ ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಹೀಗೆ ಬರೆದುಕೊಂಡಿದ್ದರು: 'ಅಂಕಲ್ ಡಿಸ್ಕ್. ಒಳಗಿನ ರಬ್ಬರ್ ಕರಗಿ ಅಂಟಾಗಿದೆ. ಓದುವ ತೋಳು ಅದಕ್ಕೆ ಅಂಟಿಕೊಂಡಿದೆ. ಬಿಡಿಸಿದರೆ ಒಂದು ಸಲ ತಿರುಗಬಹುದು. ಒಂದೇ ಚಾನ್ಸ್. ಅವಸರ ಬೇಡ.' ತಮಗೆ ತಾವೇ ಹೇಳಿಕೊಂಡ ಮಾತು. ನಾನು ನನಗೆ ಹೇಳಿದ್ದೆಂದೇ ಓದಿಕೊಂಡೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕೈ ನಡುಗದ ಹಾಗೆ ಸಣ್ಣ ಕೆಲಸ ಮಾಡುವುದು ಅಭ್ಯಾಸವಿತ್ತು. ಆದರೂ ಡಬ್ಬಿಯಲ್ಲಿದ್ದ ಗುಜರಿ ಡಿಸ್ಕುಗಳ ಮೇಲೆ ಎರಡು ತಿಂಗಳು ಕಲಿತೆ. ಕೆಲವನ್ನು ಕೆಡಿಸಿದೆ.

ಮೇ ತಿಂಗಳ ಒಂದು ಬೆಳಗ್ಗೆ ಅಂಕಲ್ ಡಿಸ್ಕಿನ ಮುಚ್ಚಳ ತೆಗೆದೆ. ರಬ್ಬರ್ ಹಲಸಿನ ಮೇಣದ ಹಾಗಿತ್ತು. ಕಡ್ಡಿಗೆ ಹತ್ತಿ ಸುತ್ತಿ ಒರೆಸಿ, ತೋಳನ್ನು ಮೆಲ್ಲಗೆ ಬಿಡಿಸಿದೆ. ಕರೆಂಟು ಕೊಟ್ಟೆ. ತಿರುಗಿತು. ತೆರೆಯ ಮೇಲೆ ಎಷ್ಟು ಕಾಪಿಯಾಯಿತೆಂದು ತೋರಿಸುವ ಗೆರೆ ಉದ್ದವಾಗುತ್ತಾ ಹೋಯಿತು. ನಾನು ಕೂರಲೂ ಇಲ್ಲ. ಗೆರೆ ಅರ್ಧ ದಾಟಿದ ಮೇಲೆ ಕರಕರ ಸದ್ದಾಗಿ ಡಿಸ್ಕ್ ನಿಂತಿತು. ಮತ್ತೆಷ್ಟು ಮಾಡಿದರೂ ಏಳಲಿಲ್ಲ.

ಬಂದಷ್ಟನ್ನು ಕಾರ್ಡಿನಲ್ಲಿ ಹಾಕಿ, ಹೊಸ ಬೋರ್ಡ್ ಕೂರಿಸಿ, ಕಂಪ್ಯೂಟರನ್ನು ಕಾರಿನಲ್ಲಿಟ್ಟುಕೊಂಡು ಲಾರೆನ್ಸ್‌ವಿಲ್‌ಗೆ ಆರು ಗಂಟೆ ಡ್ರೈವ್ ಮಾಡಿದೆ. ಮತ್ತೆ ಪಾರ್ಸೆಲ್ ಮಾಡುವ ಧೈರ್ಯವಿರಲಿಲ್ಲ.

ಅಂಕಲ್ ಊಟದ ಮೇಜಿನ ಮೇಲೆ ಜಾಗ ಮಾಡಿದ್ದರು. ಫೈಲ್ ತೆರೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕೊಂಕಣಿ. ನನಗೆ ಕೊಂಕಣಿ ಬಾರದು. ಅವರೇ ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು.

"ಎರಡು ವರ್ಷ, ನಾಲ್ಕು ತಿಂಗಳು. ಪಪ್ಪಾ, ನೀನು ಆಫೀಸಿಗೆ ಹೋಗ್ಬೇಡ, ಆಫೀಸನ್ನೇ ಇಲ್ಲಿಗೆ ಬರಲಿಕ್ಕೆ ಹೇಳು." ನಕ್ಕರು. ಮುಂದಿನ ಸಾಲಿಗೆ ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಾಲನ್ನು ಬಿಟ್ಟು ಮುಂದಕ್ಕೆ ಓದಿದರು.

ಮೂರು ವರ್ಷ ತುಂಬಿದ ದಿನಕ್ಕೆ ಬರಹ ನಿಂತುಹೋಯಿತು.

"ಮುಂದಿಂದು ಬರ್ಲಿಲ್ಲ ಅಂಕಲ್. ಅವರು ಇದ್ದಿದ್ರೆ ಪೂರ್ತಿ ತೆಗೀತಿದ್ರೇನೋ."

"ಇಷ್ಟು ಸಿಗುತ್ತದೆ ಅಂತಲೂ ನಾನು ಗ್ರಹಿಸಿರಲಿಲ್ಲ," ಎಂದರು. ಆಮೇಲೆ, "ಅವಳಿಗೆ ಕಳಿಸಲಾ?"

"ಕಳಿಸಿ. ನಾಳೆ ಅಂತ ಇಡ್ಬೇಡಿ."

ತೆರೆಯ ಫೋಟೋ ತೆಗೆದು ಮಗಳಿಗೆ ಕಳಿಸಿದರು. ನನಗೆ ಅನ್ನ, ಮೀನಿನ ಸಾರು ಬಡಿಸಿದರು. ನಾವು ಊಟ ಮಾಡುವಷ್ಟು ಹೊತ್ತೂ ಅವರ ಕಣ್ಣು ಫೋನಿನ ಮೇಲಿತ್ತು. ನಾನು ಹೊರಡುವವರೆಗೂ ಉತ್ತರ ಬರಲಿಲ್ಲ.

ಗರಾಜಿನಲ್ಲಿ ಇನ್ನೂ ಎರಡು ಯಂತ್ರಗಳಿದ್ದವು. ಅವುಗಳ ಮಾಲೀಕರನ್ನು ಕೇಳಿ, ಇದೇ ಕೆಲಸ ಮಾಡುವ, ಪಕ್ಕದ ಊರು ರಾಲಿಯ ಒಬ್ಬರಿಗೆ ಕೊಟ್ಟುಬಿಟ್ಟೆ. ಅಂಕಲ್‌ರ ಡಿಸ್ಕಿನ ಕೆಲಸ ಮುಗಿಸಿದರೆ ನನ್ನ ಎದೆ ಸ್ವಲ್ಪ ಹಗುರಾಗಬಹುದು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಶನಿವಾರಗಳು ಇನ್ನಷ್ಟು ಉದ್ದವಾದವು.

ಒಂದು ತಿಂಗಳ ನಂತರ ಅಂಕಲ್ ಫೋನ್ ಮಾಡಿದರು.

"ಓದಿದೆ ಅಂತ ಒಂದು ಲೈನ್ ಕಳಿಸಿದ್ದಾಳೆ. ಮತ್ತೆ ಎಂತದೂ ಇಲ್ಲ."

"ಒಂದು ಲೈನ್ ಬಂತಲ್ಲ ಅಂಕಲ್."

"ಹೌದು. ಇನ್ನೊಂದು ಬರಬಹುದು. ಕಾಯ್ತೇನೆ."

ಅವರು ಕಾಯುವ ಮಾತು ಬರಲೂಬಹುದು ಎಂದು ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಅದನ್ನು ಹೇಳಲಾಗದೆ, ಊಟ ಆಯ್ತಾ ಎಂದು ಕೇಳಿದೆ.