ತುಜ್-ಬೆಲ್‌ನಿಂದ ಬರುತ್ತಿದ್ದ ಅಂಕಿ

ಜೂರಾಕಾನ್ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮೇಲೆ ರಬ್ಬರ್ ಹುಡುಕತೊಡಗಿದರೆ ತುಜ್-ಬೆಲ್‌ನ ಅಂಕಿ ಬಂದಿದೆ ಎಂದೇ ಅರ್ಥ. ಕೋಕ್-ಜಾರ್ ಪಟ್ಟಣದ ಹವಾಮಾನ ಕಚೇರಿಯಲ್ಲಿ ಅವರು ಮುನ್ಸೂಚನೆ ಬರೆಯುವವರು, ನಾನು ರೇಡಿಯೋ ನೋಡಿಕೊಳ್ಳುವವಳು. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನನ್ನ ಬಾಯಲ್ಲಿ ಅವರು ಯಾವತ್ತೂ ‘ಎಜೆ’, ಅಂದರೆ ಅಕ್ಕ.

ಸುತ್ತಲಿನ ಹದಿನಾಲ್ಕು ಠಾಣೆಗಳಿಂದ ಬರುವ ಗಾಳಿ, ಚಳಿ, ಒತ್ತಡದ ಅಂಕಿಗಳನ್ನು ನಾನು ಬರೆದುಕೊಡುತ್ತಿದ್ದೆ. ಎಜೆ ಅವನ್ನು ನಕ್ಷೆಗೆ ತುಂಬಿ, ಒತ್ತಡ ಸಮನಾಗಿರುವ ಜಾಗಗಳನ್ನು ಪೆನ್ಸಿಲ್ ಗೆರೆಯಿಂದ ಸೇರಿಸುತ್ತಿದ್ದರು. ಗೆರೆಗಳು ಒತ್ತೊತ್ತಾಗಿ ಬಿದ್ದರೆ ಗಾಳಿ ಜೋರು. ಗೆರೆ ಸುತ್ತು ಹಾಕಿ, ಒಳಗೊಳಗೆ ಅಂಕಿ ಇಳಿಯುತ್ತ ಹೋದರೆ ಅದು ವಾಯುಭಾರ ಕುಸಿತ, ಅದರ ಬೆನ್ನಿಗೆ ಮಳೆಯೋ ಹಿಮವೋ ಬರುತ್ತದೆ. ಹದಿಮೂರು ಠಾಣೆಗಳ ಗೆರೆ ನೀಟಾಗಿ ಸಾಗುತ್ತಿತ್ತು. ತುಜ್-ಬೆಲ್ ಘಟ್ಟದ ಹತ್ತಿರ ಬಂದರೆ ಮಾತ್ರ ಒಂದು ಪುಟ್ಟ ಸುತ್ತು. ಚಳಿಗಾಲವಿರಲಿ ಬೇಸಿಗೆಯಿರಲಿ, ಆಕಾಶ ತೊಳೆದಿಟ್ಟಂತಿರಲಿ, ಆ ಸುತ್ತು ತಪ್ಪುತ್ತಿರಲಿಲ್ಲ.

ಎಜೆ ರೇಡಿಯೋ ಕಸಿದುಕೊಳ್ಳುತ್ತಿದ್ದರು.

"ಬಾಯ್ಕೆ, ನಿಮ್ಮ ಒತ್ತಡ ಮಾಪಕ ಸರಿ ಇದೆಯಾ?"

ಅತ್ತ ಕಡೆ ಇದ್ದವರು ಸಾತಿಮ್‌ಕುಲ್, ಘಟ್ಟದ ಠಾಣೆಯ ವೀಕ್ಷಕ, ಎಜೆಗಿಂತ ಹಿರಿಯರು, ಹಾಗಾಗಿ ಎಜೆಗೆ ಅವರು ‘ಬಾಯ್ಕೆ’, ಅಂದರೆ ಅಣ್ಣ. "ಸರಿ ಇದೆ."

"ನೋಡಿದ್ರಾ?"

"ದಿನಕ್ಕೆ ಎಂಟು ಸಲ ನೋಡ್ತೀನಿ. ಅದಕ್ಕೇ ಅಲ್ವಾ ನನ್ನ ಇಲ್ಲಿ ಕೂರ್ಸಿರೋದು?"

"ಮತ್ತೆ ಮೂರು ಮಿಲಿಬಾರ್ ಕಮ್ಮಿ ಯಾಕೆ ಬರುತ್ತೆ?"

"ಅದನ್ನ ಗಾಳೀನೇ ಕೇಳು ತಂಗಿ."

ಎಂಟು ವರ್ಷ ಇದೇ ಮಾತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಜೆ ನಮ್ಮ ಕಚೇರಿಗೆ ಬಂದ ಮೊದಲ ವಾರವೇ ಜಗಳ ಶುರುವಾಗಿತ್ತಂತೆ. "ಈ ಮನುಷ್ಯ ಚಹಾ ಕುಡೀತಾ ಕುಡೀತಾ ಅಂಕಿ ಹುಟ್ಟಿಸ್ತಾನೆ ಕಣೇ ಗುಲ್ಸುನ್" ಎಂದು ನನ್ನ ಮೇಲೆ ರೇಗಿ, ಅಂಕಿಯನ್ನು ಉಜ್ಜಿ ಹಾಕಿ, ಗೆರೆಯನ್ನು ನೇರ ಎಳೆದುಬಿಡುತ್ತಿದ್ದರು. ಆ ಜಾಗದಲ್ಲಿ ಕಾಗದ ಸವೆದು ಒಮ್ಮೊಮ್ಮೆ ತೂತೇ ಬೀಳುತ್ತಿತ್ತು.

ಆ ವರ್ಷ ಮೇ ತಿಂಗಳ ಮೂರನೇ ವಾರ ಕುರಿಗಾಹಿಗಳು ಹಿಂಡುಗಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೊರಟಿದ್ದರು. ಘಟ್ಟ ದಾಟುವ ಮುಂಚೆ ಎಲ್ಲರೂ ಮಧ್ಯಾಹ್ನದ ರೇಡಿಯೋದಲ್ಲಿ ನಮ್ಮ ಮುನ್ಸೂಚನೆ ಕೇಳುತ್ತಾರೆ. ಒಂದು ಗುರುವಾರ ಬೆಳಿಗ್ಗೆ ತುಜ್-ಬೆಲ್‌ನ ಅಂಕಿ ಎಂದಿಗಿಂತಲೂ ಕೆಳಗಿತ್ತು, ಮೂರಲ್ಲ, ಏಳು ಮಿಲಿಬಾರ್.

"ಈಗಂತೂ ಪೂರಾ ಕೆಟ್ಟೋಯ್ತು ಅದು" ಎಂದರು ಎಜೆ.

ರೇಡಿಯೋದಲ್ಲಿ ಸಾತಿಮ್‌ಕುಲ್ ಕೂಗಿಕೊಂಡರು: "ತಂಗಿ, ಅಂಕಿ ಆ ಕಡೆ ಇರ್ಲಿ. ಮೂರು ಗಂಟೇಲಿ ನಾಲ್ಕು ಇಳಿದಿದೆ. ಇಳಿದಿದ್ದು ನೋಡು!"

"ಕೆಟ್ಟಿರೋ ಮಾಪಕ ಇಳೀಲೂಬಹುದು, ಹತ್ಲೂಬಹುದು ಬಾಯ್ಕೆ" ಎಂದು ಎಜೆ ರಬ್ಬರ್ ಎತ್ತಿಕೊಂಡರು. ಪಕ್ಕದ ಎರಡು ಠಾಣೆಗಳಲ್ಲಿ ಒತ್ತಡ ಅಲ್ಲಾಡಿರಲಿಲ್ಲ. ಮಧ್ಯಾಹ್ನದ ಮುನ್ಸೂಚನೆ ‘ಬಿಸಿಲು, ತೆಳುಗಾಳಿ’ ಎಂದು ಹೋಯಿತು.

ಸಂಜೆಯೊಳಗೆ ಘಟ್ಟದ ಮೇಲೆ ಮೊಣಕಾಲುದ್ದ ಹಿಮ ಬಿತ್ತು.

ನಾಲ್ಕನೇ ದಿನ ಶೆರಾಲಿ ಎಂಬ ಕುರಿಗಾಹಿ ಬೂಟಿನ ಕೆಸರನ್ನೂ ಒರೆಸದೆ ಕಚೇರಿಯೊಳಗೆ ನುಗ್ಗಿದ. ಅವನ ಹಿಂಡಿನಲ್ಲಿ ನಲವತ್ತಮೂರು ಮರಿಗಳು ಸತ್ತಿದ್ದವು.

"ಬಿಸಿಲು ಅಂದ್ರಲ್ಲ ಎಜೆ! ನಿಮ್ಮ ಬಿಸಿಲಲ್ಲಿ ನನ್ನ ಮರಿಗಳು ಮರಗಟ್ಟಿ ನಿಂತ್ವು. ಘಟ್ಟದ ಮೇಲಿರೋ ಮುದುಕ ಹೊರಗೆ ಬಂದು ಕೈ ಬೀಸ್ತಾನೇ ಇದ್ದ, ವಾಪಸ್ ಹೋಗು ವಾಪಸ್ ಹೋಗು ಅಂತ. ರೇಡಿಯೋದವರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತ ನಾನೇ ಬೈದೆ ಅವನಿಗೆ!"

ಎಜೆ ಎದ್ದು ನಿಂತರು. ಆಮೇಲೆ ಕೋಟು ತೊಟ್ಟುಕೊಂಡು, "ನನ್ನ ಅಲ್ಲಿಗೆ ಕರ್ಕೊಂಡು ಹೋಗು" ಎಂದರು.

"ಕುದುರೆ ಮೇಲೆ ಕೂರಕ್ಕೆ ಬರುತ್ತಾ ನಿಮಗೆ?"

"ಬರದೇ ಇದ್ರೆ ಬೀಳ್ತೀನಿ. ನಡಿ."

ಕಚೇರಿಯ ಸಣ್ಣ ಮಾಪಕವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಎಜೆ ಹತ್ತಿದರು. ಹಿಂದೆ ನಾನು. ದಾರಿಯುದ್ದಕ್ಕೂ ಅವರ ಬಾಯಿ ನಿಲ್ಲಲಿಲ್ಲ. ಸಾತಿಮ್‌ಕುಲ್‌ಗೆ, ಕುದುರೆಗೆ, ರಾಜಧಾನಿಯ ಮೇಲ್ಕಚೇರಿಗೆ, ಎಲ್ಲರಿಗೂ ಬೈಗುಳ.

ಸಾತಿಮ್‌ಕುಲ್ ತೆಳ್ಳನೆಯ ಮನುಷ್ಯ, ನೆಟ್ಟಗೆ ನಿಲ್ಲುವವರು. ಬಾಗಿಲಲ್ಲೇ, "ಬಾ ತಂಗಿ, ಬೈಯೋದಿದ್ರೆ ಚಹಾ ಕುಡಿದು ಬೈ" ಎಂದರು. ಎಜೆ ಚಹಾ ಮುಟ್ಟದೆ ಎರಡು ಮಾಪಕಗಳನ್ನೂ ಅಕ್ಕಪಕ್ಕ ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರಿ ಇದೆ ಅಂತ ಎಂಟು ವರ್ಷದಿಂದ ಹೇಳ್ತಾ ಇದೀನಿ" ಎಂದರು ಸಾತಿಮ್‌ಕುಲ್.

ಎಜೆ ಸೋತವರಂತೆ ಕೂತು ರೊಟ್ಟಿ ಮುರಿಯುತ್ತ ಸುಮ್ಮನೆ ಕೇಳಿದರು. "ಮನೆ ಗಟ್ಟಿಯಾಗಿದೆ. ಕಟ್ಟಿ ಬಹಳ ದಿನ ಆಗಿಲ್ಲ ಅಲ್ವಾ?"

"ಒಂಬತ್ತು ವರ್ಷ. ಹಿಮ ಜಾರಿ ಬಂದು ಹಳೇ ಮನೆ ಕೊಚ್ಕೊಂಡು ಹೋಯ್ತಲ್ಲ. ಮಾಪಕಾನ ನಾನೇ ಬೆನ್ನ ಮೇಲೆ ಹೊತ್ಕೊಂಡು ಹತ್ತಿಸಿದೆ."

ರೊಟ್ಟಿ ಹಿಡಿದ ಕೈ ನಿಂತಿತು. "ಹತ್ತಿಸಿದೆ ಅಂದ್ರೆ? ಹಳೇ ಮನೆ ಎಲ್ಲಿತ್ತು?"

"ಅಲ್ಲಿ ಕೆಳಗೆ."

ನೆಲದ ಮಟ್ಟದಿಂದ ಮೇಲೇರಿದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಠಾಣೆಯ ಎತ್ತರವನ್ನು ಲೆಕ್ಕಕ್ಕೆ ಹಿಡಿದು, ಮೇಲ್ಕಚೇರಿ ಕೊಟ್ಟ ಪಟ್ಟಿಯ ಪ್ರಕಾರ ಅಂಕಿಯನ್ನು ತಿದ್ದಿದರೆ ಮಾತ್ರ ಬೆಟ್ಟದ ಮೇಲಿನದನ್ನೂ ಕಣಿವೆಯದನ್ನೂ ಒಂದೇ ನಕ್ಷೆಯಲ್ಲಿ ಹೋಲಿಸಬಹುದು. ಸಾತಿಮ್‌ಕುಲ್ ನೋಡಿ ತಿದ್ದುತ್ತಿದ್ದ, ಗೋಡೆಗೆ ಅಂಟಿಸಿದ್ದ ಪಟ್ಟಿ ಹಳೆಯ ಮನೆಯ ಎತ್ತರದ್ದು. ಎಜೆ ಮಾಪಕ ಹಿಡಿದು ಕೆಳಗೆ ಅಡಿಪಾಯದ ಕಲ್ಲುಗಳ ತನಕ ಇಳಿದು, ಮತ್ತೆ ಏದುಸಿರು ಬಿಡುತ್ತ ಹತ್ತಿಬಂದರು. ವ್ಯತ್ಯಾಸ ಸರಿಯಾಗಿ ಮೂರು.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಮಾಪಕ ಸರಿ ಇದೆಯಾ ಅಂತ ಕೇಳ್ದೆ. ಮನೆ ಎಲ್ಲಿದೆ ಅಂತ ಒಂದಿನಾನೂ ಕೇಳ್ಲಿಲ್ಲ. ಮೇಲ್ಕಚೇರಿಗೆ ಕಾಗದ ಬರೆದಿದ್ದೆ. ಉತ್ತರ ಬರ್ಲಿಲ್ಲ. ಗೊತ್ತಾಗಿರುತ್ತೆ ಅಂದ್ಕೊಂಡೆ."

ಎಜೆ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಶೆರಾಲಿ ನಗಬೇಕೋ ಅಳಬೇಕೋ ತಿಳಿಯದೆ ಹೊರಗೆ ಹೋಗಿ ಕುದುರೆಯ ಜೀನು ಸಡಿಲಿಸಿದ.

ಇಳಿಯುವ ದಾರಿಯಲ್ಲಿ ಎಜೆ ಯಾರನ್ನೂ ಬೈಯಲಿಲ್ಲ. ಊರು ಕಾಣುವ ಹೊತ್ತಿಗೆ ಶೆರಾಲಿಗೆ ಹೇಳಿದರು. "ಮನೆ ವಿಷಯ ನನಗೆ ಗೊತ್ತಿರ್ಲಿಲ್ಲ, ನಿಜ. ಆದ್ರೆ ಮಾಪಕ ಎಷ್ಟೇ ಎತ್ತರದಲ್ಲಿರ್ಲಿ, ಮೂರು ಗಂಟೇಲಿ ನಾಲ್ಕು ಇಳೀತು ಅಂದ್ರೆ ಇಳೀತು ಅಂತಾನೇ ಅರ್ಥ. ಅದು ಓದಿನ ಮೊದಲನೇ ವರ್ಷದ ಪಾಠ. ಮುದುಕ ಬಾಯಿ ಬಿಟ್ಟು ಹೇಳಿದ. ನಾನು ಸಿಟ್ಟಲ್ಲಿ ಕೇಳ್ಲಿಲ್ಲ. ನಿನ್ನ ಮರಿಗಳು ಹೋಗಿದ್ದು ನನ್ನಿಂದ."

ಶೆರಾಲಿ ಕುದುರೆಯನ್ನು ಮುಂದೆ ಹೊಡೆದ. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ.

ಮರುದಿನ ಎಜೆ ಮೇಲ್ಕಚೇರಿಗೆ ಬರೆದರು. ಎರಡು ತಿಂಗಳ ನಂತರ ಉತ್ತರ ಬಂತು: ತುಜ್-ಬೆಲ್ ಠಾಣೆಯು ಸ್ಥಳಾಂತರಗೊಂಡ ಬಗ್ಗೆ ದಾಖಲೆಯಿಲ್ಲ, ಸ್ಥಳಾಂತರಗೊಳ್ಳದ ಠಾಣೆಯ ಎತ್ತರವನ್ನು ತಿದ್ದಲು ಅವಕಾಶವಿಲ್ಲ. ಎಜೆ ಮತ್ತೆ ಬರೆದರು. ಹಾಗಾದರೆ ಠಾಣೆ ಕೊಚ್ಚಿಹೋದ ದಿನವೇ ನಿಗದಿತ ನಮೂನೆಯಲ್ಲಿ ಯಾಕೆ ತಿಳಿಸಲಿಲ್ಲ ಎಂದು ಮರುಪ್ರಶ್ನೆ ಬಂತು. ನಮೂನೆ ಠಾಣೆಯೊಳಗೇ ಇತ್ತು, ಅದೂ ಕೊಚ್ಚಿಹೋಯಿತು ಎಂದು ಎಜೆ ಬರೆದದ್ದನ್ನು ನಾನೇ ಟೈಪ್ ಮಾಡಿದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಅಲ್ಲಿಂದಾಚೆ ಎಜೆ ಯಾರನ್ನೂ ಕೇಳದೆ ತಾವೇ ದಿನಾ ತುಜ್-ಬೆಲ್‌ನ ಅಂಕಿಗೆ ಮೂರು ಸೇರಿಸಿ ಬರೆದರು. ಸುತ್ತು ಮಾಯವಾಯಿತು. ಬೇರೆ ಠಾಣೆಗಳಿಗಿಂತ ಮೊದಲು ಪಶ್ಚಿಮದ ಗಾಳಿ ತಾಗುವುದು ಆ ಘಟ್ಟಕ್ಕೇ ಎಂದು ಆಗ ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡಿತು. ನಮ್ಮ ಮುನ್ಸೂಚನೆ ಎಷ್ಟೋ ಸುಧಾರಿಸಿತು.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಘಟ್ಟದ ಮೇಲೆ ಮತ್ತೊಂದು ಸುತ್ತು ಎದ್ದಿತು, ಈ ಸಲ ಒತ್ತಡ ಮೂರು ಹೆಚ್ಚು. ಹತ್ತು ದಿನ ಎಜೆ ಕೂದಲು ಕಿತ್ತುಕೊಂಡರು. ಕೊನೆಗೆ ರೇಡಿಯೋ ಹಿಡಿದು ಒಂದೊಂದೇ ಕೇಳಿದರು. ಮಾಪಕ? ಸರಿ ಇದೆ. ಮನೆ? ಇದ್ದಲ್ಲೇ ಇದೆ. ಪಟ್ಟಿ?

"ಓ, ಪಟ್ಟಿನಾ? ಹೊಸದು ಕಳ್ಸಿದಾರಲ್ಲ ಮೇಲ್ಕಚೇರಿಯವರು. ನಿನಗೆ ಹೇಳಿರ್ತಾರೆ ಅಂದ್ಕೊಂಡೆ."

ಸರಿಯಾಗಿ ತಿದ್ದಿಯೇ ಬಂದ ಅಂಕಿಗೆ ಹತ್ತು ದಿನದಿಂದ ಮತ್ತೆ ಮೂರು ಸೇರಿಸುತ್ತಿದ್ದ ಎಜೆ ರೇಡಿಯೋವನ್ನು ನನ್ನ ಕೈಗೆ ಕೊಟ್ಟು, ಹೊರಗೆ ಅಂಗಳದಲ್ಲಿ ಎರಡು ಸುತ್ತು ನಡೆದು ಬಂದರು.

ಶೆರಾಲಿ ಪ್ರತಿ ಮೇ ತಿಂಗಳು ಹಿಂಡು ಹೊರಡಿಸುವ ಮುಂಚೆ ಕಚೇರಿಗೆ ಬರುತ್ತಾನೆ. ಎಜೆ ನಕ್ಷೆ ಹರಡಿ, ಗೆರೆಗಳ ಮೇಲೆ ಬೆರಳಾಡಿಸಿ, ಗಾಳಿ ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಎಂದೆಲ್ಲ ವಿವರಿಸುತ್ತಾರೆ. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿ, ಟೋಪಿ ಹಾಕಿಕೊಂಡು, ನನ್ನ ಕಡೆ ತಿರುಗುತ್ತಾನೆ:

"ಅದೆಲ್ಲ ಸರಿ ಗುಲ್ಸುನ್, ಮೇಲಿರೋ ಮುದುಕ ಏನಂತಾನೆ, ಕೇಳು."