ಕಾಣೆ ಎಂಬ ಪದದ ಅರ್ಥ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಚೀಟಿ ಅಕ್ಕ ‘ಪಟಾಲಂ’ ಎಂಬ ಪದದ ಚೀಟಿಗೆ ಅಂಟು ಹಚ್ಚುತ್ತಿದ್ದಳು. ಪರದೇಶದ ದಂಡಿನ ಒಂದು ತುಕಡಿಯ ಹೆಸರು ನಾಲಿಗೆಯಿಂದ ನಾಲಿಗೆಗೆ ಸವೆಯುತ್ತ ಪಟಾಲಂ ಆಗಿ, ಕೊನೆಗೆ ಬೀದಿಯಲ್ಲಿ ಗಲಾಟೆ ಮಾಡುವ ಹುಡುಗರ ಗುಂಪಿಗೆ ಬಂದು ನಿಂತ ಕಥೆಯನ್ನು ಆರು ಸಾಲಿನಲ್ಲಿ ಬರೆದು ಮುಗಿಸಿದ್ದಳು. ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಜವಾನ ಕೂಗಿದ.

“ಅಕ್ಕಾ, ನಿಮ್ಮ ಮನೆಯಿಂದ ಫೋನು. ಬೇಗ ಬರಬೇಕಂತೆ.”

ಅದು ನಿಘಂಟು ಕಚೇರಿ. ಒಂದು ಪದಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಪದದ ಮೂಲ, ಅರ್ಥ, ಆ ಪದವನ್ನು ಯಾರು ಎಲ್ಲಿ ಬಳಸಿದರು ಎಂಬ ಆಧಾರ ಇಷ್ಟೂ ಇರಬೇಕು. ಆಧಾರವಿಲ್ಲದ ಚೀಟಿ ನೇರ ಕಸದ ಬುಟ್ಟಿಗೆ. ಈ ಅಭ್ಯಾಸ ಅವಳ ಮೈಗೆ ಎಷ್ಟು ಹತ್ತಿತ್ತೆಂದರೆ, “ಮಳೆ ಬರುತ್ತಾ ಅಂತ ಕೇಳಿದ್ರೆ ಚೀಟಿ ಅಕ್ಕ ಯಾರು ಹೇಳಿದ್ದು, ಯಾವ ಪುಟ ಅಂತಾಳೆ” ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವಳು ಬೇಸರಪಡುತ್ತಿರಲಿಲ್ಲ. ಅದು ನಿಜವೇ ಆಗಿತ್ತು.

ಸೈನ್ಯದ ಪದಗಳೆಲ್ಲ ಅವಳ ಪಾಲಿಗೆ ಬಂದದ್ದು ತಮ್ಮನ ದೆಸೆಯಿಂದ. ಅವನು ಸಿಪಾಯಿ. ರಜೆಗೆ ಬಂದಾಗಲೆಲ್ಲ ಊಟದ ಮೇಜೇ ಅವಳ ಕಚೇರಿ.

“ಇನ್ಫೆಂಟ್ರಿ ಅಂದ್ರೆ ಮೂಲದಲ್ಲಿ ಏನು ಗೊತ್ತೇನೋ? ಮಾತು ಬಾರದ ಕೂಸು ಅಂತ. ಆಮೇಲೆ ಎಳೆ ಹುಡುಗ ಅಂತಾಯ್ತು, ಆಮೇಲೆ ಕುದುರೆ ಇಲ್ಲದೆ ನಡ್ಕೊಂಡು ಹೋಗೋ ಸಿಪಾಯಿ ಅಂತಾಯ್ತು.”

“ಕೇಳಿದ್ಯಾ ಅಮ್ಮಾ? ನಾನಿನ್ನೂ ಕೂಸು. ತುತ್ತು ಮಾಡಿ ಬಾಯಿಗಿಡು.”

“ಮಾತು ಬಾರದ ಕೂಸಂತೆ!” ಎಂದು ಅವನ ಹೆಂಡತಿ ಮೂಗು ಮುರಿಯುತ್ತಿದ್ದಳು. “ಈ ಬಾಯಿ ಊರಿಗೆಲ್ಲ ಹಂಚಿದ್ರೂ ಮಿಗುತ್ತೆ.”

ಕವಾಯತು ಎಂದರೆ ಮೂಲದ ಅರಬ್ಬಿಯಲ್ಲಿ ನಿಯಮಗಳು, ವ್ಯಾಕರಣಕ್ಕೂ ಅಲ್ಲಿ ಅದೇ ಹೆಸರು ಎಂದು ಅವಳು ಹೇಳಿದ ದಿನ ತಮ್ಮ ಎದ್ದು ನಿಂತು ಸೆಲ್ಯೂಟ್ ಹೊಡೆದಿದ್ದ. “ಹಾಗಾದ್ರೆ ನಿಂದೂ ದಿನಾ ಕವಾಯತೇ ಅಕ್ಕಾ. ನಾವು ಬಿಸಿಲಲ್ಲಿ ಮಾಡ್ತೀವಿ, ನೀನು ಫ್ಯಾನಿನ ಕೆಳಗೆ ಮಾಡ್ತೀಯ.” ಕಂಪನಿ ಎಂದರೆ ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವವರು ಎಂದಾಗ ಮಾತ್ರ ಅವನು ನಗಲಿಲ್ಲ. “ಅದು ನಿಜ,” ಎಂದಿದ್ದ. ಆ ಚೀಟಿಗೆ ಅವಳು ಅವನ ಮಾತನ್ನೇ ಆಧಾರವಾಗಿ ಬರೆದುಕೊಂಡಳು.

ಫೋನು ಬಂದ ದಿನ ಅವಳು ಮನೆ ಸೇರುವಾಗ ನಡುಮನೆಯ ಕುರ್ಚಿಯಲ್ಲಿ ಒಬ್ಬ ಅಧಿಕಾರಿ ಕೂತಿದ್ದರು. ಟೋಪಿ ಮೊಣಕಾಲ ಮೇಲಿತ್ತು. ಕೊಟ್ಟ ನೀರನ್ನು ಮುಟ್ಟಿರಲಿಲ್ಲ. ತಮ್ಮನ ತಂಡ ಗಸ್ತಿಗೆಂದು ಹೊಳೆ ದಾಟುವಾಗ ಮೇಲಿನಿಂದ ನೀರು ನುಗ್ಗಿತ್ತು. ಉಳಿದವರೆಲ್ಲ ದಡ ಹತ್ತಿದ್ದರು, ಅವನೊಬ್ಬ ಹತ್ತಿರಲಿಲ್ಲ.

“ಕಾಣೆಯಾಗಿದ್ದಾರೆ ತಾಯಿ,” ಎಂದರು ಅಧಿಕಾರಿ.

ತಮ್ಮನ ಹೆಂಡತಿ ಗೋಡೆಗೆ ಒರಗಿಕೊಂಡಳು. ಅಮ್ಮ ಮಾತ್ರ ಮಗಳ ಕಡೆ ತಿರುಗಿದಳು. “ಇವರ ಭಾಷೆಯಲ್ಲಿ ಕಾಣೆ ಅಂದ್ರೆ ಏನೇ ಅರ್ಥ? ನಿನಗೆ ಗೊತ್ತಲ್ಲ, ಹೇಳು.”

ಬೇರೆ ಯಾವ ಅಕ್ಕನಾದರೂ ಅಮ್ಮನನ್ನು ತಬ್ಬಿಕೊಂಡು ಅತ್ತಿರುತ್ತಿದ್ದಳು. ಚೀಟಿ ಅಕ್ಕ ಅರ್ಥ ಹೇಳಿದಳು. “ಸತ್ತಿದ್ದಾನೆ ಅನ್ನೋಕೂ ಆಧಾರ ಇಲ್ಲ, ಸೆರೆ ಸಿಕ್ಕಿದ್ದಾನೆ ಅನ್ನೋಕೂ ಆಧಾರ ಇಲ್ಲ, ಅಂಥವರಿಗೆ ಹಾಗಂತಾರೆ. ಸತ್ತ ಅಂತ ಅಲ್ಲ ಅಮ್ಮ.”

ಅಧಿಕಾರಿ ಒಮ್ಮೆ ಕತ್ತೆತ್ತಿ ಅವಳನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಅವಳು ಅವರನ್ನು ಗೇಟಿನವರೆಗೆ ಬಿಟ್ಟುಬರಲು ಹೋದಾಗ ಮೆಲ್ಲಗೆ ಅಂದರು, “ನೀವು ಹೇಳಿದ್ದು ಸರಿ. ಆದ್ರೆ ಆ ನೀರು ನಾನು ಕಣ್ಣಾರೆ ನೋಡಿದ್ದೀನಮ್ಮ. ನಮ್ಮಲ್ಲಿ ಯಾರಿಗೂ ಆಸೆ ಉಳಿದಿಲ್ಲ.”

ಆ ಮಾತನ್ನು ಅವಳು ಗೇಟಿನಲ್ಲೇ ಬಿಟ್ಟು ಒಳಗೆ ಬಂದಳು.

ಅಲ್ಲಿಂದ ಮುಂದೆ ಅವಳು ಹೇಳಿದ ಅರ್ಥವೇ ಆ ಮನೆಯ ಬಾಗಿಲಿನ ಅಗುಳಿಯಾಯಿತು. ಸಮಾಧಾನ ಹೇಳಲು ಬಂದವರನ್ನು ಅಮ್ಮ ಹೊಸ್ತಿಲಲ್ಲೇ ತಡೆಯುತ್ತಿದ್ದಳು. “ಸತ್ತ ಅಂತ ಅಲ್ಲ. ನನ್ನ ಮಗಳು ನಿಘಂಟಿನವಳು, ಅವಳೇ ಹೇಳಿದ್ದಾಳೆ.” ಮಗನ ಅಂಗಿಗಳು ವಾರಕ್ಕೊಮ್ಮೆ ಒಗೆಸಿಕೊಂಡು, ಇಸ್ತ್ರಿಯಾಗಿ, ಮತ್ತೆ ಬೀರು ಸೇರುತ್ತಿದ್ದವು. ಸೊಸೆ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಒಂದು ಸಂಜೆ ಬರುವುದು ತಡವಾದರೆ ಅಮ್ಮ ಗದರುತ್ತಿರಲಿಲ್ಲ, “ನನ್ನ ಮಗ ಬಂದು ಕೇಳಿದ್ರೆ ಏನು ಹೇಳ್ಲಿ?” ಎನ್ನುತ್ತಿದ್ದಳು ಅಷ್ಟೆ. ಗದರಿದ್ದರೇ ವಾಸಿಯಿತ್ತು.

ಹೀಗೆ ಏಳು ವರ್ಷ ಕಳೆಯಿತು. ಅಂಗಡಿಯ ಯಜಮಾನ ಹೆಂಡತಿಯನ್ನು ಕಳೆದುಕೊಂಡವನು, ಮೆತ್ತಗಿನ ಮಾತಿನವನು. ಮದುವೆಯಾಗುತ್ತೀಯಾ ಎಂದು ಸೊಸೆಯನ್ನು ಕೇಳಿದ್ದ. ಏಳು ವರ್ಷದಿಂದ ಯಾವ ಸುದ್ದಿಯೂ ಇಲ್ಲವೆಂದು ಮನೆಯವರು ಸಹಿ ಮಾಡಿಕೊಟ್ಟರೆ ನ್ಯಾಯಾಲಯ ಅವಳನ್ನು ಹಳೆಯ ಮದುವೆಯಿಂದ ಬಿಡಿಸುತ್ತದೆ ಎಂದು ವಕೀಲರು ಹೇಳಿದ್ದರು.

“ಅತ್ತೆ ಮನಸಾರೆ ಸಹಿ ಹಾಕದೆ ನಾನು ಹೋಗಲ್ಲ ಅಕ್ಕಾ,” ಎಂದಳು ಅವಳು, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ. “ಹೋದ್ರೆ ಅವರ ಮಗನನ್ನ ನಾನೇ ಸಾಯಿಸಿದ ಹಾಗಾಗುತ್ತೆ. ಅಂಗಡಿಯವರು ಕಾಯ್ತೀನಿ ಅಂತಾರೆ. ಕಾಯೋದು ಅಂದ್ರೆ ಏನು ಅಂತ ನಮಗಿಂತ ಯಾರಿಗೆ ಗೊತ್ತು? ಅದನ್ನ ಇನ್ನೊಬ್ಬರ ತಲೆ ಮೇಲೆ ಹೊರಿಸ್ಲಾ?” ಒರೆಸಿದ ಪಾತ್ರೆಯನ್ನು ಗೂಡಿಗಿಟ್ಟು ಸೇರಿಸಿದಳು, “ಈ ಗಂಟು ಹಾಕಿದ್ದು ನೀವು. ಬಿಚ್ಚೋದೂ ನಿಮ್ಮ ಕೈಲೇ ಆಗಬೇಕು.”

ಭಾನುವಾರ ಮಧ್ಯಾಹ್ನ ಅಮ್ಮ ಮಗನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಚೀಟಿ ಅಕ್ಕ ಎದುರಿಗೆ ಕೂತಳು.

“ಅಮ್ಮ, ಅವತ್ತು ನಾನು ಹೇಳಿದ ಅರ್ಥ ಸೈನ್ಯದ್ದು. ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದಿದ್ರೆ ಅವರು ಏನಾದ್ರೂ ಬರ್ಕೊಳ್ಳಬೇಕಲ್ಲ, ಅದಕ್ಕೆ ಇಟ್ಕೊಂಡ ಪದ. ಮನೆಯಲ್ಲಿ ಕೂತು ಕಾಯೋರಿಗೆ ಅಂತ ಮಾಡಿದ್ದಲ್ಲ. ನಾನು ಅದನ್ನ ನಿನಗೆ ಹಾಗೇ ಎತ್ತಿ ಕೊಟ್ಟಿದ್ದು ತಪ್ಪು.”

ಅಮ್ಮ ಕಾಲರನ್ನು ತಿರುಗಿಸಿ ಹಾಕಿದಳು. “ಅರ್ಥ ಯಾರಿಗೆ ಬೇಕಿತ್ತೇ? ಆ ಮನುಷ್ಯ ನೀರು ಮುಟ್ಟದೆ ಕೂತಾಗಲೇ ನನ್ನ ಹೊಟ್ಟೆಗೆ ಅರ್ಥ ಆಗಿತ್ತು. ಬಂದವರ ಬಾಯಿ ಮುಚ್ಚೋಕೆ ಅರ್ಥ ಹೇಳ್ತಿದ್ದೆ. ನಾನು ಹಿಡ್ಕೊಂಡಿದ್ದು ಅದಲ್ಲ, ನೀನು ಹೇಳಿದ ಲೆಕ್ಕ.”

“ಯಾವ ಲೆಕ್ಕ?”

“ಅವರನ್ನ ಗೇಟಿಗೆ ಬಿಟ್ಟು ಬಂದ್ಯಲ್ಲ, ಆಗ ಕೇಳಿದ್ದೆ. ಹೀಗೆ ಕಾಣೆಯಾದ ನೂರು ಜನರಲ್ಲಿ ಎಷ್ಟು ಜನ ತಿರುಗಿ ಬರ್ತಾರೆ ಅಂತ.”

“ಅಮ್ಮ... ಅದಕ್ಕೆ ಆಧಾರ ಇರ್ಲಿಲ್ಲ. ನಾನು ಎಲ್ಲೂ ಓದಿರ್ಲಿಲ್ಲ.”

“ಇರ್ಲಿಲ್ಲ ಅಂತ ನನಗೂ ಗೊತ್ತಿತ್ತು. ಹೆತ್ತವಳಲ್ವಾ? ಒಂದು ಮಾತಿಗೆ ಹತ್ತು ಪುಸ್ತಕ ತಿರುವೋಳು, ಅವತ್ತು ಉಸಿರು ತಗೊಳ್ಳೋದರೊಳಗೆ ಹೇಳಿಬಿಟ್ಟೆ. ನನಗೋಸ್ಕರ ಇವಳು ಸುಳ್ಳು ಹೇಳ್ತಾಳಲ್ಲ, ಇರಲಿ, ಇದನ್ನೇ ತಿಂದ್ಕೊಂಡು ಒಂದಷ್ಟು ದಿನ ಬದುಕೋಣ ಅಂದ್ಕೊಂಡೆ. ದಿನ ಜಾಸ್ತಿ ಆಯ್ತು.” ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಳಗಿದ್ದ ಸೊಸೆಯನ್ನು ಕೂಗಿದಳು. “ಮಗಾ, ಆ ವಕೀಲರ ಕಾಗದ ತಗೊಂಡು ಬಾ. ನನ್ನ ಕನ್ನಡಕಾನೂ ತಾ.”

ಸಹಿ ಹಾಕುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಹಾಕಿದ ಮೇಲೆ ಸೊಸೆ ನೆಲಕ್ಕೆ ಕುಸಿದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಅಮ್ಮ ಆ ತಲೆಯನ್ನು ಸವರುತ್ತ, ಏಳು ವರ್ಷದಲ್ಲಿ ಮೊದಲ ಬಾರಿಗೆ, ಸದ್ದು ಮಾಡಿ ಅತ್ತಳು.

ಚೀಟಿ ಅಕ್ಕ ಇಸ್ತ್ರಿಯ ಸ್ವಿಚ್ಚು ಆರಿಸಿ, ಇನ್ನೂ ಬೆಚ್ಚಗಿದ್ದ ಅಂಗಿಯನ್ನು ಹಿಡಿದು ನಿಂತಳು. ಅವತ್ತು ತಮ್ಮ ಬಾರನೆಂದು ಗೇಟಿನಲ್ಲಿ ಕೇಳಿಕೊಂಡು ಬಂದು, ಇದೇ ಕೋಣೆಯ ಬಾಗಿಲಲ್ಲಿ, ಅಮ್ಮನ ಮುಖ ನೋಡುತ್ತ, ನೂರಕ್ಕೆ ಎಷ್ಟು ಎಂಬ ಅವಳ ಪ್ರಶ್ನೆಗೆ ತಾನು ಗಟ್ಟಿಯಾಗಿ ಹೇಳಿದ್ದು: ನಲವತ್ತು.