ರಸ್ತೆಯ ಮೇಲಿನ ರಾಶಿ

ಭತ್ತದ ರಾಶಿಗೆ ಏನೂ ಆಗಿರಲಿಲ್ಲ. ಆಂಬುಲೆನ್ಸ್ ಮಾತ್ರ ಪಕ್ಕದ ಗದ್ದೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಒಳಗೆ ನನ್ನ ತಂಗಿ ಶಾಂತಾ, ಅವಳ ಅತ್ತೆ, ನಾನು. ಚೊಚ್ಚಲ ಹೆರಿಗೆ. ಮಗು ಅಡ್ಡವಾಗಿದೆ, ತಡಮಾಡದೆ ಬಳ್ಳಾರಿಗೆ ಒಯ್ಯಿರಿ ಎಂದಿದ್ದರು ಸಿರುಗುಪ್ಪದ ಡಾಕ್ಟರು. ಮಟಮಟ ಮಧ್ಯಾಹ್ನ. ಡ್ರೈವರ್ ಖಾಜಾಸಾಬ ಕುಡಿದಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ಬ್ರೇಕೂ ಸರಿಯಿತ್ತು. (ಅಪಘಾತದ ಸುದ್ದಿ ಬರೆಯುವಾಗ ನಾವು ಪತ್ರಿಕೆಯವರು ಮೊದಲು ವಿಚಾರಿಸುವುದು ಇಷ್ಟನ್ನೇ.)

ಹಾಗಾದರೆ ಆದದ್ದೇನು?

ತಿರುವು ದಾಟಿದ ಕೂಡಲೇ ನಮ್ಮ ಮಗ್ಗುಲಿಗೆ ಡಾಂಬರಿನ ಮೇಲೆ ತೂರಿಟ್ಟ ಭತ್ತದ ರಾಶಿ. ಆಚೆ ಮಗ್ಗುಲಿಗೆ ಎದುರಿನಿಂದ ಬರುತ್ತಿದ್ದ ಚಕ್ಕಡಿ. ರಾಶಿಯ ಮೇಲೆ ಹಾಯಿಸಿದ್ದರೆ ಒಂದಿಷ್ಟು ಕಾಳು ಚೆಲ್ಲುತ್ತಿತ್ತು, ಅಷ್ಟೆ. ಖಾಜಾಸಾಬ ರಸ್ತೆ ಬಿಟ್ಟು ಕೆಳಗಿಳಿಸಿದ.

ರಾಶಿಯ ಒಡೆಯ, ಒಬ್ಬ ಮುದುಕ, ಓಡಿ ಬಂದ.

“ಮ್ಯಾಲೆ ಹಾಯಿಸಬಾರದೇನಲೇ? ನಾ ಏನ್ ನಿನ್ನ ತಿಂತಿದ್ನೇನು?”

ಖಾಜಾಸಾಬ ಹಣೆಯ ರಕ್ತ ಒರೆಸಿಕೊಂಡ. “ಕುರುಗೋಡಿನಾಗ ನಮ್ದೂ ಒಕ್ಕಲುತನ ಐತಿ, ಯಜಮಾನ್ರ. ಚಪ್ಲಿ ಬಿಟ್ಟು ಕಣದಾಗ ಕಾಲಿಡೋರು ನಾವು. ರಾಶಿ ಮ್ಯಾಲೆ ಗಾಲಿ ಹಾಯಿಸಾಕ ಕೈ ಬರಲಿಲ್ರಿ.”

ಹಿಂದೆ ಬಂದ ಲಾರಿಗೆ ಶಾಂತಾಳನ್ನು ಹತ್ತಿಸಿದೆವು. ಬೆದರಿದ ಎತ್ತುಗಳು ಚಕ್ಕಡಿಯನ್ನು ಅಡ್ಡ ತಿರುಗಿಸಿದ್ದವು. ರಾಶಿ ನೋಡಿ ಲಾರಿಯವನೂ ಅನುಮಾನಿಸಿದ.

“ಇದರ ಮ್ಯಾಲೇ ಹೊಡಿ ಲೇ!” ಮುದುಕ ಕೂಗಿದ. “ನೋಡಕೋತ ಏನ್ ನಿಂತಿ?”

ಲಾರಿ ಹಾಯಿತು. ಶಾಂತಾ ಉಳಿದಳು. ಮಗು ಉಳಿಯಲಿಲ್ಲ. “ಸ್ವಲ್ಪ ಮೊದಲು ಬಂದಿದ್ದರೆ...” ಎಂದರು ಬಳ್ಳಾರಿಯ ಡಾಕ್ಟರು.

ಯಾರನ್ನು ದೂರಲಿ? ಕಳೆದ ವಾರ ಆ ಮುದುಕನನ್ನೇ ಕೇಳಿದೆ: ನಿಮಗೆ ರಸ್ತೆಯೇ ಬೇಕಿತ್ತೇ?

“ಕಾಲಿವಿ ಬಂದಮ್ಯಾಲೆ ಎಲ್ಲಾ ಗದ್ದಿ ಆತ್ರಿ. ಒಣಾ ನೆಲ ಅಂದ್ರ ಈ ರೋಡೊಂದ. ಕಣಾ ಎಲ್ಲಿ ಮಾಡೂಣು?”

ಸುತ್ತ ನೋಡಿದೆ. ಕಣ್ಣು ಹಾಯುವವರೆಗೆ ನೀರು ನಿಂತ ಗದ್ದೆ. ಕಾಲುವೆಯವರು ನೀರು ಕೊಟ್ಟರು, ರಸ್ತೆಯವರು ಡಾಂಬರು ಹಾಕಿದರು. ಊರಿಗೊಂದು ಗಟ್ಟಿ ನೆಲದ ಕಣ ಬೇಕೆಂಬುದು ಯಾರ ಪ್ಲಾನಿನಲ್ಲೂ ಇರಲಿಲ್ಲ. ಈಗ ಬಂದಿರುವುದು ಒಂದು ಹುಕುಂ: ರಾಶಿ ಅಡ್ಡ ಬಂದರೆ ಆಂಬುಲೆನ್ಸ್ ಅದರ ಮೇಲೇ ಹಾಯಬೇಕು.

“ಹಾಯಿಸ್ತೀಯೇನಪ್ಪಾ?” ಎಂದು ಖಾಜಾಸಾಬನನ್ನು ಕೇಳಿದೆ.

“ಆವತ್ತು ನೋಡಬೇಕ್ರಿ,” ಎಂದ. ನನ್ನ ಮುಖ ನೋಡಲಿಲ್ಲ.

ಎರಡನೇ ಬೆಳೆ ತೆನೆಗೆ ಬಂದಿದೆ. ಈ ಸಲದ ರಾಶಿ ಎಲ್ಲಿ ಬೀಳುತ್ತದೆ?